ಕಂತು ಮುಗಿಯುವ ಮೊದಲೇ ಫೋನ್ ಕೆಟ್ಟರೆ

ಇಪ್ಪತ್ತನಾಲ್ಕು ಸಾವಿರದ ಫೋನು, ಆರು ಕಂತು. ಎರಡನೇ ಕಂತು ಖಾತೆಯಿಂದ ಕಡಿತವಾದ ವಾರವೇ ಪರದೆಯ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ ಕಾಣಿಸಿಕೊಳ್ಳುತ್ತದೆ. ಅಂಗಡಿಗೆ ಒಯ್ದರೆ ಕೌಂಟರಿನ ಹುಡುಗ, “ಸರ್, ನಮ್ದೇನಿದ್ರೂ ಮಾರೋದಷ್ಟೇ. ಕಂಪ್ಲೇಂಟ್ ಇದ್ರೆ ಸರ್ವಿಸ್ ಸೆಂಟರ್‌ಗೆ ಹೋಗಿ” ಅನ್ನುತ್ತಾನೆ. ಸರ್ವಿಸ್ ಸೆಂಟರಿನವರು, “ಡಿಸ್‌ಪ್ಲೇ ಮೇಲೆ ಪ್ರೆಶರ್ ಬಿದ್ದಿದೆ, ವಾರಂಟಿ ಬರಲ್ಲ” ಅನ್ನುತ್ತಾರೆ. ಸಾಲ ಕೊಟ್ಟ ಫೈನಾನ್ಸ್ ಕಂಪನಿಗೆ ಕರೆ ಮಾಡಿದರೆ, “ಫೋನಿನ ವಿಷಯ ನಮಗೆ ಸಂಬಂಧ ಇಲ್ಲ, ಐದನೇ ತಾರೀಕು ಅಕೌಂಟಲ್ಲಿ ದುಡ್ಡಿರಲಿ” ಎಂಬ ಉತ್ತರ.

ಮೂವರಲ್ಲಿ ಮೂರನೆಯವರು ಹೇಳಿದ್ದು ಮಾತ್ರ ಬಹುಮಟ್ಟಿಗೆ ನಿಜ. ಮೊದಲಿಬ್ಬರ ಮಾತಿಗೆ ಕಾನೂನಿನಲ್ಲಿ ಉತ್ತರವಿದೆ.

ಆಧಾರ್, ಪ್ಯಾನ್, ಒಂದು ಸೆಲ್ಫಿ, ಒಂದು ಒಟಿಪಿ ಇಷ್ಟಿದ್ದರೆ ಮೊಬೈಲ್ ಅಂಗಡಿಯಲ್ಲೇ ಸಾಲ ಮಂಜೂರಾಗುವ ಕಾಲ ಇದು. ಆದರೆ ಫೋನ್ ಕೆಟ್ಟಾಗ, “ಇನ್ನೂ ಪೂರ್ತಿ ದುಡ್ಡೇ ಕಟ್ಟಿಲ್ಲ, ಯಾವ ಬಾಯಲ್ಲಿ ಕೇಳಲಿ” ಎಂದು ಹಿಂಜರಿಯುವವರು ಬಹಳ. ಹಿಂಜರಿಯಬೇಕಾಗಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಗ್ರಾಹಕ ಎಂದರೆ ಯಾರು ಎಂದು ಹೇಳುವ 2(7)ನೇ ಕಲಮಿನಲ್ಲೇ, ಪೂರ್ತಿ ಹಣ ಕೊಟ್ಟವರ ಜತೆಗೆ ಅರ್ಧ ಕೊಟ್ಟು ಅರ್ಧಕ್ಕೆ ಮಾತು ಕೊಟ್ಟವರನ್ನೂ, ಮುಂದೆ ಪಾವತಿ ಮಾಡುವ ಏರ್ಪಾಡಿನಲ್ಲಿ ಕೊಂಡವರನ್ನೂ ಸೇರಿಸಿದೆ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಸಾಲ ಅಪ್ಪನ ಹೆಸರಿನಲ್ಲಿ, ಫೋನ್ ಮಗಳ ಕೈಯಲ್ಲಿ ಎಂದಿದ್ದರೆ ಮಗಳೂ ದೂರು ಕೊಡಬಹುದು. ಮರುಮಾರಾಟಕ್ಕೋ ದೊಡ್ಡ ವ್ಯವಹಾರಕ್ಕೋ ಕೊಂಡಿದ್ದರೆ ಈ ಕಾಯ್ದೆ ಅನ್ವಯಿಸದು. ಹಾಗೆಂದು ಊಟ ತಲುಪಿಸುವ ಹುಡುಗನೋ ಆಟೊ ಓಡಿಸುವವರೋ ತಮ್ಮ ಹೊಟ್ಟೆಪಾಡಿನ ದುಡಿಮೆಗೆ ಕೊಂಡ ಫೋನನ್ನು ‘ವಾಣಿಜ್ಯ ಉದ್ದೇಶ’ ಎಂದು ತಳ್ಳಿಹಾಕುವಂತಿಲ್ಲ.

ಸಾಲ ಬೇರೆ, ಫೋನ್ ಬೇರೆ

ಕಂತಿನ ಫೋನ್ ಕೆಟ್ಟಾಗ ಬಹುತೇಕರಿಗೆ ಮೊದಲು ಬರುವ ಯೋಚನೆ, “ಫೋನ್ ಸರಿ ಮಾಡಿಕೊಡುವ ತನಕ ಕಂತು ಕಟ್ಟಲ್ಲ” ಎಂಬುದು. ನ್ಯಾಯವಾಗಿ ಕಂಡರೂ ಇದರಿಂದ ಪೆಟ್ಟು ತಿನ್ನುವವರು ನೀವೇ. ಫೋನ್ ಕೊಂಡ ದಿನ ನೀವು ಒಂದಲ್ಲ, ಎರಡು ಕರಾರು ಮಾಡಿಕೊಂಡಿರುತ್ತೀರಿ. ಒಂದು ಅಂಗಡಿಯವರ ಜತೆ ಖರೀದಿಯದು, ಇನ್ನೊಂದು ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಜತೆ ಸಾಲದ್ದು. ಫೋನಿನ ಹಣ ಅಂಗಡಿಯವರಿಗೆ ಆಗಲೇ ಸಂದಾಯವಾಗಿದೆ. ಈಗ ಬಾಕಿ ಇರುವುದು ಸಾಲ ಮಾತ್ರ. ಕಂತು ತಪ್ಪಿದರೆ ಸಾಲ ಕೊಟ್ಟವರ ದಂಡ ಒಂದು ಕಡೆ, ಖಾತೆಯಲ್ಲಿ ಹಣವಿಲ್ಲದೆ ಆಟೊ ಡೆಬಿಟ್ ಬೌನ್ಸ್ ಆದದ್ದಕ್ಕೆ ನಿಮ್ಮ ಬ್ಯಾಂಕಿನ ಶುಲ್ಕ ಇನ್ನೊಂದು ಕಡೆ. ಮೇಲೆ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಯಲ್ಲಿ ‘ಬಾಕಿದಾರ’ ಎಂಬ ಗುರುತು. ಕಂತು ನಿಂತರೆ ದೂರದಿಂದಲೇ ಫೋನ್ ಲಾಕ್ ಮಾಡುವ ಆ್ಯಪನ್ನು ಮೊದಲೇ ಹಾಕಿಸಿಡುವ ಸಾಲದ ಕಂಪನಿಗಳೂ ಇವೆ. ನಾಲ್ಕು ವರ್ಷದ ಮೇಲೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳುವುದು ಹಸಿರು ಗೆರೆಯ ಕಥೆಯನ್ನಲ್ಲ, ತಪ್ಪಿದ ಕಂತುಗಳ ಲೆಕ್ಕವನ್ನು.

ಆದ್ದರಿಂದ ಕಂತು ಕಟ್ಟುತ್ತಲೇ ಜಗಳ ಆಡಿ. ಕಟ್ಟಿದ್ದನ್ನೆಲ್ಲ ಬಡ್ಡಿ ಸಮೇತ ವಾಪಸು ಕೇಳುವ ಹಕ್ಕು ನಿಮಗಿದೆ.

‘ನೋ ಕಾಸ್ಟ್ ಇಎಂಐ’ ಎಂಬುದರ ಒಳಲೆಕ್ಕವನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಹಣ ವಾಪಸು ಬರುವ ಹೊತ್ತಿಗೆ ಇದೇ ತಕರಾರಾಗುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಕ್ರೆಡಿಟ್ ಕಾರ್ಡಿನ ಕಂತಿಗೆ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರುವವರು ಬೆಲೆಯಲ್ಲಿ ರಿಯಾಯಿತಿಯಾಗಿ ಬಿಡುತ್ತಾರೆ. ಮೇಲಿನ 24,000 ರೂಪಾಯಿಯ ಫೋನನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಶೇ 15ರ ಬಡ್ಡಿ, ತಿಂಗಳಿಗೆ 4,000ದಂತೆ ಆರು ಕಂತು ಎಂದಾದರೆ ಸಾಲದ ಅಸಲು ಸುಮಾರು 22,984, ಬಡ್ಡಿ ಸುಮಾರು 1,016. ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 183 ರೂಪಾಯಿಯಷ್ಟು, ನಿಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ ಬೇರೆ. ಫೋನ್ ವಾಪಸಾದಾಗ ಅಂಗಡಿಯವರು ಬಿಲ್ಲಿನ ಮೊತ್ತವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬಡ್ಡಿ, ಜಿಎಸ್‌ಟಿ, ಶುಲ್ಕವನ್ನು ನೀವಾಗಿಯೇ ಲೆಕ್ಕ ಬರೆದು ನಷ್ಟವೆಂದು ಕೇಳಬೇಕು. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಜಾಬ್ ಶೀಟ್ ಎಂಬ ಅರ್ಧ ಹಾಳೆ

ಗ್ರಾಹಕರ ಆಯೋಗದಲ್ಲಿ ಮೊಬೈಲ್ ಪ್ರಕರಣ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಒಂದು ಕಾಗದದ ಮೇಲೆ. ಸರ್ವಿಸ್ ಸೆಂಟರಿನಲ್ಲಿ ಫೋನ್ ಒಳಗೆ ತೆಗೆದುಕೊಳ್ಳುವಾಗ ಕೊಡುವ ಜಾಬ್ ಶೀಟ್ ಅದು. ಟೋಕನ್ ಹಿಡಿದು ಕಾದು ಸುಸ್ತಾದವರು ಕೌಂಟರಿನಲ್ಲಿ ತೋರಿಸಿದ ಕಡೆ ಸಹಿ ಹಾಕಿ ಎದ್ದು ಬರುತ್ತಾರೆ. ದಯವಿಟ್ಟು ಕೂತು ಓದಿ.

ಅದರಲ್ಲಿ ಮೊದಲು ನೋಡಬೇಕಾದದ್ದು ನಿಮ್ಮ ದೂರನ್ನು ಹೇಗೆ ಬರೆದುಕೊಂಡಿದ್ದಾರೆ ಎಂಬುದು. “ಫೋನ್ ತಾನಾಗಿಯೇ ಆಫ್ ಆಗುತ್ತದೆ, ದಿನಕ್ಕೆ ನಾಲ್ಕೈದು ಸಲ, ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ಶುರುವಾದದ್ದು” ಎಂದು ನೀವು ಹೇಳಿದ್ದನ್ನು ಅವರು “ಜನರಲ್ ಚೆಕಪ್” ಎಂದು ಬರೆದಿರುತ್ತಾರೆ. ಅದಕ್ಕೆ ಒಪ್ಪಬೇಡಿ, ಹೇಳಿದ ಹಾಗೆಯೇ ಬರೆಸಿ. ಆಮೇಲೆ ಫೋನಿನ ಹೊರನೋಟದ ಸಾಲು. ಅಲ್ಲಿ ಇಲ್ಲದ ಗೀರು, ಇಲ್ಲದ ತಗ್ಗು ನಮೂದಾಗಿದ್ದರೆ ನಾಳೆ ಅದೇ “ಗ್ರಾಹಕರಿಂದ ಆದ ಹಾನಿ” ಆಗುತ್ತದೆ. ಫೋನ್ ಕೊಡುವ ಮೊದಲು ಕೌಂಟರಿನ ಮುಂದೆಯೇ ಇನ್ನೊಂದು ಫೋನಿನಿಂದ ನಾಲ್ಕೂ ಬದಿಯ ಚಿತ್ರ ತೆಗೆದುಕೊಳ್ಳಿ. ದೋಷ ಕಾಣುವ ವಿಡಿಯೊ ಮಾಡಿಟ್ಟುಕೊಳ್ಳಿ. ತಂತ್ರಜ್ಞರು ಸಾಫ್ಟ್‌ವೇರ್ ಹೊಸದಾಗಿ ಹಾಕಿದರೆ ತೊಂದರೆ ಎರಡು ದಿನ ಮಾಯವಾಗಿ “ನೋ ಫಾಲ್ಟ್ ಫೌಂಡ್” ಎಂಬ ಷರಾದೊಂದಿಗೆ ಫೋನ್ ವಾಪಸು ಬರುವುದುಂಟು. ಆಗ ಕೈಹಿಡಿಯುವುದು ಆ ವಿಡಿಯೊ.

ದಿನಾಂಕ, ಫೋನಿನ ಐಎಂಇಐ ಸಂಖ್ಯೆ, ವಾಪಸು ಕೊಡುವ ಅಂದಾಜು ದಿನ ಈ ಮೂರೂ ಇರಲೇಬೇಕು. ಐಎಂಇಐ ತಿಳಿಯಲು *#06# ಒತ್ತಿದರೆ ಸಾಕು. ಬಿಲ್ಲಿನಲ್ಲಿ ಇರುವುದೂ ಅದೇ ಸಂಖ್ಯೆಯೇ ಎಂದು ತಾಳೆ ನೋಡಿ. ಕೆವೈಎಂ ಎಂದು ಬರೆದು ಪಕ್ಕದಲ್ಲಿ ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಸಂಖ್ಯೆಯ ಫೋನು ಯಾವ ಕಂಪನಿಯದು, ಅದು ಸರಿಯಾದದ್ದೇ ಎಂಬುದು ದೂರಸಂಪರ್ಕ ಇಲಾಖೆಯಿಂದ ಬರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ ಐಎಂಇಐ ಕೂಡ ಬದಲಾಗುತ್ತದೆ. ಹೊಸ ಸಂಖ್ಯೆಯನ್ನು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳದಿದ್ದರೆ ಬಿಲ್ಲು ಒಂದು ಫೋನಿನದು, ಕೈಯಲ್ಲಿರುವುದು ಇನ್ನೊಂದು ಎಂದಾಗಿ ವಾರಂಟಿಯೇ ಕೈತಪ್ಪೀತು.

ಒಂದೇ ದೋಷಕ್ಕೆ ಮೂರು ಸಲ ಹೋಗಿ ಬಂದರೆ ಮೂರು ಜಾಬ್ ಶೀಟು. ಫೋನಿನಲ್ಲಿ ತಯಾರಿಕೆಯ ದೋಷವಿದೆ ಎಂದು ವಾದಿಸಲು ಇದಕ್ಕಿಂತ ಸರಳವಾದ ಪುರಾವೆ ಇಲ್ಲ. “ಬರೀ ಐದು ನಿಮಿಷದ ಕೆಲಸ, ಜಾಬ್ ಶೀಟ್ ಯಾಕೆ ಸರ್” ಎಂದು ಉಪಕಾರ ಮಾಡಿದವರ ಹಾಗೆ ಹೇಳುವ ತಂತ್ರಜ್ಞರಿಗೆ ನಕ್ಕು, ಕಾಗದ ಕೊಡಿ ಎನ್ನಿ.

ಇನ್ನು ನೀರಿನ ಮಾತು. ಮಲೆನಾಡು, ಕರಾವಳಿಯ ಓದುಗರಿಗೆ ಇದು ಗೊತ್ತಿರುವುದೇ. ಫೋನಿನ ಒಳಗೆ, ಸಾಮಾನ್ಯವಾಗಿ ಸಿಮ್ ತಟ್ಟೆ ಕೂರುವ ಜಾಗದಲ್ಲಿ, ಬಿಳಿಯ ಸಣ್ಣ ಪಟ್ಟಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಕೆಂಪು ಕಂಡರೆ ವಾರಂಟಿ ಇಲ್ಲ ಎಂದು ಬಹುತೇಕ ಕಂಪನಿಗಳ ಷರತ್ತು. ಜಾಹೀರಾತಿನಲ್ಲಿ ಫೋನನ್ನು ಈಜುಕೊಳದಲ್ಲಿ ಮುಳುಗಿಸಿ ತೋರಿಸುವವರೇ ವಾರಂಟಿ ಕಾರ್ಡಿನಲ್ಲಿ ನೀರಿನ ಹಾನಿಯನ್ನು ಹೊರಗಿಡುತ್ತಾರೆ! ಆಸ್ಟ್ರೇಲಿಯಾದಲ್ಲಿ ಇಂಥ ಜಾಹೀರಾತಿಗಾಗಿ ಸ್ಯಾಮ್‌ಸಂಗ್‌ನ ಅಲ್ಲಿನ ಅಂಗಸಂಸ್ಥೆಗೆ 2022ರಲ್ಲಿ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಇಟಲಿಯಲ್ಲಿ 2020ರಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೊ. ನಮ್ಮ ಕಾಯ್ದೆಯ ‘ದೋಷ’ದ ವ್ಯಾಖ್ಯೆಯಲ್ಲೂ ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕಿಂತ ಕಡಿಮೆಯಾದರೆ ಅದು ದೋಷವೇ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಅದೂ ಸಾಕ್ಷ್ಯ.

ಫೋನ್ ಒಪ್ಪಿಸುವ ಮೊದಲು ಸಿಮ್ ತೆಗೆಯಿರಿ, ಫೋಟೊಗಳನ್ನು ಬೇರೆಡೆ ಉಳಿಸಿ, ಬ್ಯಾಂಕಿನ ಆ್ಯಪುಗಳಿಂದ ಹೊರಬನ್ನಿ. ಬ್ಯಾಟರಿ ಸಿಡಿದು ಯಾರಿಗಾದರೂ ಗಾಯವಾಗಿದ್ದರೆ ಮಾತ್ರ ಬೇರೆ ದಾರಿ. ಆ ಫೋನನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ, ಆಸ್ಪತ್ರೆಯ ಕಾಗದ ಜೋಪಾನ ಮಾಡಿ. ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಒಂದು ಅಧ್ಯಾಯವೇ ಇದ್ದು, ತಯಾರಕರಿಂದ ಪರಿಹಾರ ಕೇಳಬಹುದು.

ಮಾರಿದವರೂ ಹೊಣೆಗಾರರೇ

“ಮಾರಿದ ಸರಕು ವಾಪಸು ತೆಗೆದುಕೊಳ್ಳುವುದಿಲ್ಲ” ಎಂದು ಬಿಲ್ಲಿನ ಕೆಳಗೆ ಅಚ್ಚಾಗಿರುವ ಸಾಲಿಗೆ ದೋಷದ ಸರಕಿನ ವಿಷಯದಲ್ಲಿ ಬೆಲೆಯಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ನಮೂದಾಗದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದನ್ನು ಕಾಯ್ದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆನ್‌ಲೈನಿನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳು ಜತೆಗಿವೆ. ದೋಷದ ಅಥವಾ ಜಾಹೀರಾತಿಗೆ ಹೊಂದದ ಸರಕನ್ನು ವಾಪಸು ಪಡೆಯುವುದಿಲ್ಲ ಎಂದು ಮಾರಾಟಗಾರ ಹೇಳುವಂತಿಲ್ಲ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದದ್ದನ್ನು ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. “ಏಳು ದಿನದ ರಿಪ್ಲೇಸ್‌ಮೆಂಟ್ ಮುಗಿಯಿತು” ಎಂಬುದು ಆ ಕಂಪನಿಯ ನೀತಿ. ಕಾಯ್ದೆ ಕೊಟ್ಟ ಹಕ್ಕು ಏಳನೇ ದಿನಕ್ಕೆ ಮುಗಿಯುವುದಿಲ್ಲ.

ಹೊಸ ಫೋನ್ ಡಬ್ಬಿ ಬಿಚ್ಚಿದ ದಿನವೇ ಆನ್ ಆಗದಿದ್ದರೆ ಸರ್ವಿಸ್ ಸೆಂಟರಿನಿಂದ ಡಿಒಎ (ಡೆಡ್ ಆನ್ ಅರೈವಲ್, ಅಂದರೆ ಬರುವಾಗಲೇ ಕೆಟ್ಟಿತ್ತು ಎಂಬ) ಪತ್ರ ಕೇಳಿ. ಆ ಪತ್ರ ತೋರಿಸಿದರೆ ಅಂಗಡಿಯವರು ಬದಲಿ ಫೋನ್ ಕೊಡಲು ಹೆಚ್ಚು ತಕರಾರು ಮಾಡುವುದಿಲ್ಲ. ಅದಕ್ಕೆ ಕಂಪನಿಗಳು ಕೊಡುವ ಗಡುವು ಕೆಲವೇ ದಿನ, ತಡಮಾಡಬೇಡಿ.

ಹಣ ವಾಪಸಿಗೆ ಅಂಗಡಿಯವರು ಒಪ್ಪಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಕಂತಿನ ಫೋನಿನಲ್ಲಿ ಎಡವಟ್ಟಾಗುವುದೇ ಇಲ್ಲಿ. ಕ್ರೆಡಿಟ್ ಕಾರ್ಡಾದರೆ ಹಣ ಕಾರ್ಡಿಗೆ ಜಮೆಯಾಗಿ ಕೂರುತ್ತದೆ, ಕಂತು ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇರಬಹುದು. ಬ್ಯಾಂಕಿಗೆ ಬರೆದು ಕಂತನ್ನು ರದ್ದು ಮಾಡಿಸಬೇಕು. ಫೈನಾನ್ಸ್ ಕಂಪನಿಯ ಸಾಲವಾದರೆ ಅಂಗಡಿಯವರು ಹಣವನ್ನು ಆ ಕಂಪನಿಗೇ ಹಿಂತಿರುಗಿಸಿ ಸಾಲ ರದ್ದು ಮಾಡಿಸಬೇಕು. ಮೌಖಿಕ ಭರವಸೆ ಬೇಡ. ಸಾಲ ತೀರಿದೆ, ಬಾಕಿ ಇಲ್ಲ ಎಂಬ ಎನ್‌ಒಸಿ ಕೈಗೆ ಬಂದಮೇಲೆಯೇ ಆಟೊ ಡೆಬಿಟ್ ನಿಲ್ಲಿಸಿ. ಆ್ಯಪಿನಲ್ಲಿ ತೆಗೆದ ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ‘ಕೂಲಿಂಗ್ ಆಫ್’ ಅವಧಿ ಇರಬೇಕು, ಅದು ಕನಿಷ್ಠ ಒಂದು ದಿನ. ಅದರೊಳಗೆ ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಎಷ್ಟು ದಿನವೆಂದು ಸಾಲದ ಮುಖ್ಯಾಂಶ ಪತ್ರದಲ್ಲಿ ಬರೆದಿರುತ್ತದೆ.

ಸಾಲ ರದ್ದಾದ ಮೇಲೂ ಸಿಬಿಲ್‌ನಲ್ಲಿ ಬಾಕಿ ತೋರಿಸುತ್ತಿದ್ದರೆ ತಿದ್ದುಪಡಿಗೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲ ಕೊಟ್ಟವರು 30 ದಿನವಾದರೂ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು. ಮಾಹಿತಿಗೆ ಕರೆ ಮಾಡಬೇಕಾದ ಸಂಖ್ಯೆ 14448.

1915ರಿಂದ ಆಯೋಗದವರೆಗೆ

ಅಂಗಡಿ, ಕಂಪನಿ ಎರಡೂ ಕೈಯೆತ್ತಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ದಾಟಿಸುವವರು. ಆದರೆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ತಿಂಗಳುಗಟ್ಟಲೆ ಅಲ್ಲಾಡದ ಕಡತ ಮುಖ್ಯ ಕಚೇರಿಯ ಮೇಜಿಗೆ ಹೋದ ಕೂಡಲೇ ಅಲ್ಲಾಡುವುದುಂಟು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹೆಸರು ಕೇಳಿ ಹೆದರಬೇಕಿಲ್ಲ. ಕೊಂಡ ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, ಯಾವ ಫೋನೂ ಆ ಮಿತಿ ದಾಟುವುದು ಕಷ್ಟ. ವಕೀಲರು ಕಡ್ಡಾಯವಲ್ಲ, ಕನ್ನಡದಲ್ಲೇ ದೂರು ಬರೆಯಬಹುದು. ಕಂಪನಿಯ ಕಚೇರಿ ದಿಲ್ಲಿಯಲ್ಲೋ ಗುರುಗ್ರಾಮದಲ್ಲೋ ಇದ್ದರೂ ನೀವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಹಳೆಯ 1986ರ ಕಾಯ್ದೆಯಲ್ಲಿ ಇಲ್ಲದಿದ್ದ ಈ ಸವಲತ್ತೇ ನನ್ನ ಮಟ್ಟಿಗೆ ಹೊಸ ಕಾಯ್ದೆಯ ದೊಡ್ಡ ಉಪಕಾರ. ಬೀದರಿನ ಗ್ರಾಹಕ ಬೀದರಿನಲ್ಲೇ ಕೇಳುತ್ತಾನೆ, ಬರಬೇಕಾದವರು ಕಂಪನಿಯವರು. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೂ ಕೋರಬಹುದು. ಸಾಲದ ಕರಾರಿನಲ್ಲಿ “ತಕರಾರು ಬಂದರೆ ಮಧ್ಯಸ್ಥಿಕೆ (ಆರ್ಬಿಟ್ರೇಷನ್)” ಎಂಬ ಷರತ್ತಿದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ, ಮನೆ ಖರೀದಿಯ ಪ್ರಕರಣವೊಂದರಲ್ಲಿ, ಹೇಳಿದೆ.

ಮಾರಿದವರು, ತಯಾರಕರು, ಸರ್ವಿಸ್ ಸೆಂಟರು, ಆನ್‌ಲೈನಾದರೆ ಆ ತಾಣ ಇಷ್ಟೂ ಜನರನ್ನು ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪೆಲ್ಲ ಆ ಬಿಟ್ಟವರದೇ ಎನ್ನುತ್ತಾರೆ. ಸಾಲ ರದ್ದತಿಯ ತಕರಾರೂ ಇದ್ದರೆ ಸಾಲ ಕೊಟ್ಟವರನ್ನೂ ಸೇರಿಸಿ. ದೂರು ಹಾಕುವ ಮೊದಲು ಇವರಿಗೆಲ್ಲ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸು ಕಳಿಸಿ, 15 ದಿನದ ಗಡುವು ಕೊಡಿ. ಕಾನೂನು ಕಡ್ಡಾಯ ಮಾಡಿಲ್ಲ, ಆದರೆ ನೀವು ಸಮಾಧಾನವಾಗಿ ಕೇಳಿ ನೋಡಿದಿರಿ ಎಂಬುದಕ್ಕೆ ದಾಖಲೆಯಾಗುತ್ತದೆ. ದೂರಿನ ಜತೆ ಬಿಲ್ಲು, ವಾರಂಟಿ ಕಾರ್ಡು, ಜಾಬ್ ಶೀಟುಗಳು, ಸಾಲದ ಕರಾರು, ಕಂತು ಕಡಿತವಾದ ಬ್ಯಾಂಕ್ ಪಟ್ಟಿ, ಇಮೇಲುಗಳು, ಅಫಿಡವಿಟ್ ಇರಲಿ. ವಿಡಿಯೊ, ವಾಟ್ಸ್ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಿ.

ಆಯೋಗದ ನೋಟಿಸು ತಲುಪಿದ ಎದುರುದಾರರು 30 ದಿನದೊಳಗೆ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನು 15 ದಿನ. ಫೋನನ್ನು ಪರೀಕ್ಷೆಗೆ ಕಳಿಸಬೇಕಾಗಿಲ್ಲದಿದ್ದರೆ ಮೂರು ತಿಂಗಳು, ಕಳಿಸಿದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ, ಹೆಚ್ಚು ಸಮಯ ಹಿಡಿಯುವುದೇ ರೂಢಿ. ದೋಷ ಸರಿಪಡಿಸಿ, ಬೇರೆ ಫೋನ್ ಕೊಡಿ, ಬೆಲೆಯನ್ನು ಬಡ್ಡಿಯೊಂದಿಗೆ ಹಿಂತಿರುಗಿಸಿ, ನಷ್ಟಕ್ಕೆ ಪರಿಹಾರ ಕೊಡಿ ಎಂದು ಆಯೋಗ ಆದೇಶಿಸಬಹುದು. ಪರಿಹಾರದ ಮೊತ್ತ ಕೇಳುವಾಗ ಹಿಡಿತವಿರಲಿ. ಇಪ್ಪತ್ತು ಸಾವಿರದ ಫೋನಿಗೆ ಹತ್ತು ಲಕ್ಷದ ಮಾನಸಿಕ ವೇದನೆ ಬರೆದರೆ ನಿಮ್ಮ ಉಳಿದ ಮಾತಿನ ತೂಕವೂ ಇಳಿಯುತ್ತದೆ. ಆದೇಶ ಬಂದೂ ಕಂಪನಿ ಪಾಲಿಸದಿದ್ದರೆ ಅದೇ ಆಯೋಗದ ಮುಂದೆ ಜಾರಿ ಅರ್ಜಿ ಹಾಕಿ. ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆ, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಬ್ರಿಟನ್ನಿಗೆ ಓದಲು, ದುಡಿಯಲು ಹೋದ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಅಲ್ಲಿ ಫೋನ್ ಕಾಂಟ್ರ್ಯಾಕ್ಟಿನಲ್ಲೇ, ಸಿಮ್ಮಿನ ಮಾಸಿಕ ಬಿಲ್ಲಿನ ಜತೆಯೇ ಬರುವುದು ಸಾಮಾನ್ಯ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನಮ್ಮದಕ್ಕಿಂತ ಖಚಿತವಾಗಿದೆ. ಮೊದಲ 30 ದಿನದಲ್ಲಿ ದೋಷ ಕಂಡರೆ ಫೋನ್ ವಾಪಸು ಕೊಟ್ಟು ಪೂರ್ತಿ ಹಣ ಕೇಳಬಹುದು. ಆಮೇಲೆ ದುರಸ್ತಿಗೋ ಬದಲಿಗೋ ಮಾರಿದವರಿಗೆ ಒಂದು ಅವಕಾಶ. ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರುವಾಗಲೇ ಇತ್ತು ಎಂದು ಕಾನೂನೇ ಊಹಿಸಿಕೊಳ್ಳುತ್ತದೆ, ಇರಲಿಲ್ಲ ಎಂದು ತೋರಿಸುವ ಹೊಣೆ ಮಾರಿದವರದು. ನಮ್ಮಲ್ಲೂ ಇಂಥದ್ದೊಂದು ಊಹೆ ಬಂದರೆ ಅರ್ಧ ಜಗಳ ಕೌಂಟರಿನಲ್ಲೇ ಮುಗಿದೀತು.

ಇಲ್ಲಿ ದೂರು ಕೊಡಲು ಇರುವ ಕಾಲಮಿತಿ, ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಅಂಗಡಿಗಳಲ್ಲಿ ಕೊಡುವ ಥರ್ಮಲ್ ಕಾಗದದ ಬಿಲ್ಲು ಅಷ್ಟು ದಿನ ಬಾಳುವುದಿಲ್ಲ, ಬೀರುವಿನಲ್ಲಿಟ್ಟರೂ ಅಕ್ಷರ ಮಾಸುತ್ತದೆ. ಕಂತಿನ ಫೋನ್ ಕೈಯಲ್ಲಿರುವವರು ಇವತ್ತೇ ಆ ಬಿಲ್ಲಿನ ಚಿತ್ರ ತೆಗೆದು ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಅದೇ ಫೋನಿನೊಳಗೆ ಮಾತ್ರ ಇಡಬೇಡಿ.